ಮ್ಯಾಚ್ ಮುಗಿದ ಮೇಲೆ ತೆಗೆಯುವ ಚೀಟಿ

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಈ ಮಂಗಳೂರಿನಲ್ಲಿ ಇಬ್ಬರೇ. ಒಬ್ಬಳು ಕಂಕನಾಡಿ ಮಾರ್ಕೆಟಿನಲ್ಲಿ ಬಂಗುಡೆ ಮಾರುವ ಹೆಂಗಸು. ಅವಳು ಈಗಲೂ ಇದ್ದಾಳೆ, ನಾನು ಈಗಲೂ ಸೋಲುತ್ತಿದ್ದೇನೆ. ಇನ್ನೊಬ್ಬರು ಹಂಪನಕಟ್ಟೆಯ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಕೂತು ಟೆನಿಸ್, ಶಟಲ್ ಬ್ಯಾಟುಗಳಿಗೆ ಗಟ್, ಅಂದರೆ ಬಲೆಯ ಎಳೆ, ಕಟ್ಟಿಕೊಡುತ್ತಿದ್ದವರು. ಅವರು ಹೋದ ತಿಂಗಳು ತೀರಿಕೊಂಡರು. ಹದಿಮೂರರ ಊಟ ಮುಗಿಸಿ ಬಂದ ಮೇಲೆ, ಈ ಮನುಷ್ಯನ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆಯಬೇಕಿತ್ತು ಅನ್ನಿಸಿತು. ಯಾರೂ ಬರೆಯುವ ಹಾಗೆ ಕಾಣಲಿಲ್ಲ. ಬರವಣಿಗೆ ನನ್ನ ಕಸುಬಲ್ಲ. ಬೈಕಂಪಾಡಿಯಲ್ಲಿ ಹಳೆ ಯಂತ್ರಗಳ ವ್ಯಾಪಾರ ನನ್ನದು. ಮುಚ್ಚಿದ ಫ್ಯಾಕ್ಟರಿಗಳಿಂದ ಜನರೇಟರ್, ಕಂಪ್ರೆಸರ್, ಲೇತ್ ಕೊಂಡು, ರಿಪೇರಿ ಮಾಡಿಸಿ ಮಾರುತ್ತೇನೆ. ಆದರೆ ಕೊಂಡದ್ದಕ್ಕೆ ರಶೀದಿ ಬರೆಯದೆ ಬಿಡುವ ಅಭ್ಯಾಸ ನನಗಿಲ್ಲ. ಅವರಿಂದ ಪಡೆದದ್ದಕ್ಕೆ ಇದು ರಶೀದಿ ಎಂದುಕೊಳ್ಳಿ.

ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆಲ್ಲ ಅವರು ಗಟ್ಟಿಂಗ್ ಅಣ್ಣ. ಅಷ್ಟು ಸಾಕು.

ಮೊದಲ ಸಲ ಹೋದದ್ದು ಮಗಳ ಶಟಲ್ ಬ್ಯಾಟ್ ಹಿಡಿದುಕೊಂಡು. ಮುನ್ನೂರೈವತ್ತು ಎಂದರು. ಮುನ್ನೂರು ಮಾಡಿ ಎಂದೆ. ಆಗುವುದಿಲ್ಲ ಎಂದರು. ನಾನು ಬಿಡುವ ಆಸಾಮಿಯಲ್ಲ. ಮೆಟ್ಟಿಲಿಳಿಯುವ ಹಾಗೆ ಮಾಡಿದೆ, ತಿರುಗಿ ಬಂದೆ, ಪಕ್ಕದ ಅಂಗಡಿಯ ರೇಟು ಹೇಳಿದೆ. ಪಕ್ಕದಲ್ಲಿ ಅಂಥ ಅಂಗಡಿಯೇ ಇರಲಿಲ್ಲ. ಅವರು ಕೊನೆಗೆ ಬ್ಯಾಟನ್ನು ನನ್ನ ಎದುರು ಮೇಜಿನ ಮೇಲೆ ಇಟ್ಟರು.

"ಆಯ್ತು ಮಾರಾಯ್ರೆ, ಐವತ್ತು ಬಿಡ್ತೇನೆ. ಆದ್ರೆ ಮೂರು ಎಳೆಯೂ ಬಿಡ್ತೇನೆ. ಯಾವ ಮೂರು ಬೇಡ ಅಂತ ನೀವೇ ತೋರಿಸಿ."

ಮುನ್ನೂರೈವತ್ತು ಕೊಟ್ಟು ಬಂದೆ. ಮಾರನೆಯ ವಾರ ಕೆಲಸವಿಲ್ಲದಿದ್ದರೂ ಹೋದೆ. ನನ್ನನ್ನು ಸೋಲಿಸಿದವರನ್ನು ಇನ್ನೊಮ್ಮೆ ನೋಡದೆ ನನಗೆ ಸಮಾಧಾನವಿಲ್ಲ.

ತೆಳ್ಳಗಿನ ಆಳು. ಅಂಗಿಯ ಕಿಸೆಯಲ್ಲಿ ಪೆನ್ನಿನ ಜಾಗದಲ್ಲಿ ಒಂದು ದಬ್ಬಣ. ಗಟ್ ಎಳೆದೆಳೆದು ಬೆರಳ ತುದಿಗಳು ಕೊಬ್ಬರಿ ಚಿಪ್ಪಿನ ಹಾಗೆ ಗಟ್ಟಿಯಾಗಿದ್ದವು. ಬಿಸಿ ಚಹಾದ ಗ್ಲಾಸನ್ನು ಹಾಗೇ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು. ಕಟ್ಟಿ ಮುಗಿಸಿದ ಬ್ಯಾಟನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಮ್ಮೆ ಮೀಟುವುದು. ಸದ್ದು ಮನಸ್ಸಿಗೆ ಬಂದರೆ "ಇರ್ಲಿ" ಎನ್ನುವುದು, ಬಾರದಿದ್ದರೆ ಮಾತಿಲ್ಲದೆ ಪೂರಾ ಬಿಚ್ಚುವುದು. ಗಿರಾಕಿ "ಸಾಕು ಅಣ್ಣ, ನಮಗೆ ಗೊತ್ತಾಗುದಿಲ್ಲ" ಎಂದರೂ ಬಿಚ್ಚುತ್ತಿದ್ದರು.

ಗಲ್ಫಿನಲ್ಲಿ ಹದಿನೆಂಟು ವರ್ಷ ಅವರಿಗೆ ಇದೇ ಕೆಲಸ. ಅಲ್ಲಿ ದೊಡ್ಡ ಟೆನಿಸ್ ಟೂರ್ನಿಗಳು ನಡೆಯುವಾಗ ಇವರನ್ನು ಆಟಗಾರರ ರ್‍ಯಾಕೆಟ್ ಕಟ್ಟುವ ಕೋಣೆಗೆ ಕಳಿಸುತ್ತಿದ್ದರಂತೆ. ನಾವು ಟಿವಿಯಲ್ಲಿ ನೋಡುವವರ ರ್‍ಯಾಕೆಟ್ ಇವರ ಮಡಿಲಲ್ಲಿ. ಅದರಿಂದ ಅವರಿಗೆ ಆಟದ ಒಂದು ಬೇರೆಯೇ ಲೆಕ್ಕ ಗೊತ್ತಿತ್ತು. ಒಮ್ಮೆ ಹೇಳಿದರು:

"ಒಬ್ಬ ಯಾವಾಗಲೂ ಐವತ್ತೈದು ಪೌಂಡ್ ಬಿಗಿ ಕೇಳುವವ. ಒಂದು ದಿನ ಐವತ್ತೆರಡು ಸಾಕು ಅಂತ ಚೀಟಿ ಕಳಿಸಿದ. ನಾನು ಜೊತೆಯವನಿಗೆ ಹೇಳಿದೆ, ಇವನಿಗೆ ಭುಜ ನೋವು ಉಂಟು, ಹೊರಗೆ ಹೇಳುದಿಲ್ಲ, ಇವತ್ತು ಸೋಲ್ತಾನೆ ಅಂತ. ಗಟ್ ಸಡಿಲ ಇದ್ರೆ ಚೆಂಡು ಅದರಷ್ಟಕ್ಕೇ ಹೋಗ್ತದೆ, ಕೈಗೆ ಕೆಲಸ ಕಮ್ಮಿ."

"ಸೋತನಾ?"

"ಸೋತ. ಆದ್ರೆ ಹೊಟ್ಟೆ ಕೆಟ್ಟು ಸೋತ. ಭುಜಕ್ಕೆ ಎಂತದೂ ಆಗಿರ್ಲಿಲ್ಲ. ಹಾಗಾಗಿ ನನ್ನದು ತಪ್ಪು."

ಈ "ಹಾಗಾಗಿ ನನ್ನದು ತಪ್ಪು" ಎನ್ನುವುದೇ ಅವರ ಪೂರ್ತಿ ಸ್ವಭಾವ. ಅಂಗಡಿಯಲ್ಲಿ ಒಂದು ಸಣ್ಣ ಟಿವಿ ಇತ್ತು. ದೊಡ್ಡ ಮ್ಯಾಚ್ ಇದ್ದ ದಿನ ಬೆಳಗ್ಗೆಯೇ ಒಂದು ಚೀಟಿಯಲ್ಲಿ ಯಾರು ಗೆಲ್ಲುತ್ತಾನೆ, ಯಾಕೆ ಗೆಲ್ಲುತ್ತಾನೆ ಎಂದು ಬರೆದು, ಟೆನಿಸ್ ಚೆಂಡು ಬರುವ ಉದ್ದನೆಯ ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದರು. ಮ್ಯಾಚ್ ಮುಗಿದ ಮೇಲೆಯೇ ತೆಗೆಯುವುದು. ತೆಗೆದ ಚೀಟಿ ಆಮೇಲೆ ಎರಡರಲ್ಲಿ ಒಂದು ಡಬ್ಬಿಗೆ: ಸರಿ, ತಪ್ಪು. ಹೆಸರು ಸರಿಯಾಗಿ ಕಾರಣ ತಪ್ಪಾಗಿದ್ದರೆ ಅದು ತಪ್ಪಿನ ಡಬ್ಬಿಗೇ. ಆ ಡಬ್ಬಿ ಸದಾ ತುಂಬಿರುತ್ತಿತ್ತು.

"ಇದೆಂತ ಅಣ್ಣ, ಗೆದ್ದದ್ದನ್ನೂ ಸೋತದ್ದಕ್ಕೆ ಹಾಕ್ತೀರಲ್ಲ," ಎಂದು ನಾನು ಕೇಳಿದ್ದೆ.

"ಬರೆದಿಡದಿದ್ರೆ ಮ್ಯಾಚ್ ಆದ ಮೇಲೆ ಎಲ್ಲರೂ 'ನಾನು ಮೊದಲೇ ಹೇಳಿದ್ದೆ' ಅಂತಾರೆ. ನಾನೂ ಹೇಳ್ತೇನೆ. ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಇಲ್ಲ ಮಾರಾಯ್ರೆ."

ಇದನ್ನು ಓದುವವರಲ್ಲಿ ವ್ಯಾಪಾರಸ್ಥರಿದ್ದರೆ ಹೇಳುತ್ತೇನೆ, ಈ ಪದ್ಧತಿ ನಿಮ್ಮದಾಗಿಸಿಕೊಳ್ಳಿ. ಖರ್ಚಿಲ್ಲ. ನಾನೀಗ ಯಾವ ಹಳೆ ಯಂತ್ರ ಕೊಳ್ಳುವ ಮೊದಲೂ ಅದರ ದೋಷ ಏನಿರಬಹುದು ಎಂದು ಬರೆದು ಕಿಸೆಗೆ ಹಾಕಿಕೊಂಡೇ ಬಿಚ್ಚಿಸುತ್ತೇನೆ. ಹೀಗೆ ಮಾಡತೊಡಗಿದ ಮೇಲೆ ನನಗೆ ನನ್ನ ಬಗ್ಗೆ ಇದ್ದ ಅಭಿಪ್ರಾಯ ಸ್ವಲ್ಪ ಇಳಿದಿದೆ, ಲಾಭ ಸ್ವಲ್ಪ ಏರಿದೆ.

ಗಟ್ಟಿಂಗ್ ಅಣ್ಣನ ಚೀಟಿಯ ಸುದ್ದಿ ಹೇಗೋ ಹರಡಿತ್ತು. ಫೋನಿನ ಆ್ಯಪ್‌ಗಳಲ್ಲಿ ಟೆನಿಸ್ ಮೇಲೆ ದುಡ್ಡು ಕಟ್ಟುವವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ನೆಪ. ಅಣ್ಣ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಒಂದು ಬ್ಯಾಟ್ ಕೈಗೆ ಕೊಟ್ಟು, "ಇದನ್ನು ಗಟ್ಟಿ ಹಿಡ್ಕೊಳ್ಳಿ, ಅಲ್ಲಾಡಬಾರದು" ಎಂದು ಅರ್ಧ ಗಂಟೆ ನಿಲ್ಲಿಸುತ್ತಿದ್ದರು. ಕೈ ಸೋತು ಬಂದವರೇ ಹೊರಟುಹೋಗುತ್ತಿದ್ದರು.

ನಾನು ಮಾತ್ರ ಹೋಗಲಿಲ್ಲ. ನಾನೂ ಆ ಆ್ಯಪ್ ಹಾಕಿಕೊಂಡಿದ್ದೆ. ಮೊದಲು ಐನೂರು, ಆಮೇಲೆ ಎರಡು ಸಾವಿರ. ನಾಲ್ಕೈದು ಸಲ ಬಂತು. ಬಂದದ್ದು ಎಲ್ಲರಿಗೂ ಹೇಳಿದೆ, ಹೋದದ್ದು ಯಾರಿಗೂ ಹೇಳಲಿಲ್ಲ. ಹೆಂಡತಿ ವಸಂತಿಗಂತೂ ಇಲ್ಲವೇ ಇಲ್ಲ.

ಒಂದು ಮಧ್ಯಾಹ್ನ ಅವರ ಅಂಗಡಿಯಲ್ಲಿ ಮ್ಯಾಚ್ ನೋಡುತ್ತಿದ್ದೆ. ಆಡುತ್ತಿದ್ದ ಹುಡುಗನೊಬ್ಬ ಸರ್ವಿಸ್ ಎರಡೂ ಸಲ ತಪ್ಪಿ ಪಾಯಿಂಟ್ ಕಳೆದುಕೊಂಡ. ನಾನು ಖುಷಿಯಲ್ಲಿ ತೊಡೆ ತಟ್ಟಿದೆ. ಅವರು ದಬ್ಬಣ ಕೆಳಗಿಟ್ಟರು.

"ಎಷ್ಟು ಹಾಕಿದ್ದೀರಿ?"

"ಎಂತದ್ದು?"

"ಅವ ತಪ್ಪಿದ್ರೆ ತೊಡೆ ತಟ್ಟುವವರು ಇಬ್ಬರೇ. ಒಂದು ಎದುರಾಳಿಯ ಅಮ್ಮ, ಇಲ್ಲದಿದ್ರೆ ದುಡ್ಡು ಹಾಕಿದವ. ನೀವು ಅಮ್ಮನ ಹಾಗೆ ಕಾಣುದಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಗಲ್ಫಿನಲ್ಲಿ ತಾವೂ ಒಮ್ಮೆ ಪಂಥ ಕಟ್ಟಿದ್ದಾಗಿ ಹೇಳಿದರು. ರೂಮಿನವನ ಜೊತೆ ಒಂದು ಬಿರಿಯಾನಿಗೆ. ಆ ಮ್ಯಾಚಿನಲ್ಲಿ ಸೋಲುತ್ತಾನೆ ಎಂದು ಇವರು ಪಂಥ ಕಟ್ಟಿದ್ದ ಆಟಗಾರ ಕಾಲು ತಿರುಚಿ ಬಿದ್ದ. "ಬೆಳಗ್ಗೆ ಅವನ ರ್‍ಯಾಕೆಟ್ ಕಟ್ಟಿದ್ದು ನಾನೇ. ಗುಡ್ ಮಾರ್ನಿಂಗ್ ಹೇಳಿ, ಚಾಕಲೇಟ್ ಕೊಟ್ಟು ಹೋಗಿದ್ದ. ಅವ ಬಿದ್ದದ್ದು ನೋಡಿ ನನಗೆ ಖುಷಿ ಆಯ್ತು. ಒಂದು ಬಿರಿಯಾನಿಗೆ. ಆ ಬಿರಿಯಾನಿ ಗಂಟಲಿನಿಂದ ಕೆಳಗೆ ಇಳೀಲಿಲ್ಲ. ಅಲ್ಲಿಗೆ ಮುಗೀತು."

ನನಗೆ ಬಿರಿಯಾನಿ ಯಾವಾಗಲೂ ಸುಲಭವಾಗಿ ಇಳಿಯುತ್ತದೆ. ಆ ಕತೆ ತಾಗಲಿಲ್ಲ. ಅದು ಅವರಿಗೂ ಗೊತ್ತಾಗಿರಬೇಕು, ನನ್ನ ಭಾಷೆಗೇ ಬಂದರು.

"ಮೀನಿನವಳ ಹತ್ತಿರ ಹತ್ತು ರೂಪಾಯಿಗೆ ಅರ್ಧ ಗಂಟೆ ನಿಲ್ತೀರಿ. ಈ ಆ್ಯಪಿನವ ಹೇಳಿದ ರೇಟಿಗೆ ಒಂದೇ ಮಾತಿಗೆ ಹೂಂ ಅಂತೀರಿ. ರೇಟು ಹೇಳುವವ ಅವ, ತೂಗುವವ ಅವ, ತಕ್ಕಡಿಯೂ ಅವನದ್ದೇ. ನೀವು ಇಂಥ ವ್ಯಾಪಾರ ಬೇರೆ ಎಲ್ಲಿಯಾದ್ರೂ ಮಾಡಿದ್ದುಂಟಾ?"

"ನಿಮ್ಮ ಅಂದಾಜು ಒಂದು ಸಿಕ್ಕಿದ್ರೆ ಅವನ ತಕ್ಕಡಿಯಲ್ಲೇ ಅವನನ್ನು ತೂಗಬಹುದು ಅಣ್ಣ."

"ನನಗೆ ಗೊತ್ತಿರುವುದೆಲ್ಲ ಅವನಿಗೂ ಗೊತ್ತುಂಟು. ಅದಕ್ಕೇ ರೇಟು ಹಾಗೆ ಇಟ್ಟದ್ದು. ಹೋಗಿ ಸಾವ್ಕಾರ್ರೇ, ಶೆಡ್ಡಿಗೆ ಹೋಗಿ ಎರಡು ಕಂಪ್ರೆಸರ್ ಮಾರಿ."

ಅವರ ಮಾತು ಸರಿ ಎಂದು ಮೆಟ್ಟಿಲಿಳಿಯುವಾಗಲೇ ಗೊತ್ತಾಗಿತ್ತು. ಸರಿ ಎಂದು ಗೊತ್ತಾಗುವುದಕ್ಕೂ ಬಿಡುವುದಕ್ಕೂ ಸಂಬಂಧವಿಲ್ಲ.

ಈಗ ಶೆಡ್ಡಿನ ವಿಷಯ. ಆಗ ಅದು ನನ್ನದಲ್ಲ, ಬಾಡಿಗೆಯದು. ಮಾಲಕಿ ಕಂಕನಾಡಿಯ ಒಬ್ಬ ವಯಸ್ಸಾದ ಕ್ರಿಶ್ಚಿಯನ್ ಹೆಂಗಸು, ನಾವು ಬಾಯಮ್ಮ ಎಂದೇ ಕರೆಯುವುದು. ಮಾರುವುದೆಂದು ನಿಶ್ಚಯಿಸಿ, "ಹನ್ನೊಂದು ವರ್ಷ ಬಾಡಿಗೆ ತಪ್ಪಿಸ್ಲಿಲ್ಲ ನೀನು, ಹಾಗಾಗಿ ಮೊದಲು ನಿನಗೇ" ಎಂದರು. ಶುಕ್ರವಾರದೊಳಗೆ ಎಂಟು ಲಕ್ಷ ಅಡ್ವಾನ್ಸ್. ತಪ್ಪಿದರೆ ಸುರತ್ಕಲ್‌ನ ಪಾರ್ಟಿಗೆ. ಆ ಶೆಡ್ ಕೈಬಿಟ್ಟರೆ ನನ್ನ ಯಂತ್ರಗಳನ್ನು ಇಡಲು ಜಾಗವಿಲ್ಲ, ಅಷ್ಟು ಬಾಡಿಗೆಗೆ ಬೈಕಂಪಾಡಿಯಲ್ಲಿ ಇನ್ನೊಂದು ಸಿಕ್ಕುವುದೂ ಇಲ್ಲ. ಹನ್ನೊಂದು ವರ್ಷದ ವ್ಯಾಪಾರ ರಸ್ತೆಗೆ. ಇದ್ದ ಎರಡು ದೊಡ್ಡ ಜನರೇಟರ್ ಮಾರಿದೆ, ಚಿಟ್ ಫಂಡ್ ಮುರಿಸಿದೆ. ವಸಂತಿ ತನ್ನ ಸೊಸೈಟಿಯ ಡಿಪಾಸಿಟ್ ಎರಡು ಲಕ್ಷ ತಂದುಕೊಟ್ಟಳು. ಬುಧವಾರ ಬೆಳಗ್ಗೆ ಎಂಟು ಲಕ್ಷದ ಇಪ್ಪತ್ತು ಸಾವಿರ ಬ್ಯಾಂಕಿನಲ್ಲಿತ್ತು.

ಅದೇ ಬುಧವಾರ ಸಂಜೆ ಮಣ್ಣಿನ ಕೋರ್ಟಿನ ಒಂದು ದೊಡ್ಡ ಮ್ಯಾಚ್. ಒಬ್ಬ ಹೆಸರು ಮಾಡಿದ ಉದ್ದನೆಯ ಆಟಗಾರ. ಇನ್ನೊಬ್ಬ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಎಡಗೈಯವ. ಉದ್ದನೆಯವ ಗೆದ್ದರೆ ಒಂದಕ್ಕೆ ಒಂದೂವರೆ, ಎಡಗೈಯವ ಗೆದ್ದರೆ ಒಂದಕ್ಕೆ ಎರಡೂಮುಕ್ಕಾಲು ಎಂದು ಆ್ಯಪ್ ತೋರಿಸುತ್ತಿತ್ತು. ಎಂಟು ಲಕ್ಷ ಎರಡು ದಿನ ಬ್ಯಾಂಕಿನಲ್ಲಿ ಸುಮ್ಮನೆ ಮಲಗಿದೆಯಲ್ಲ, ಒಂದು ಸಂಜೆ ಎದ್ದು ಓಡಾಡಿ ಬರಲಿ ಎಂಬ ಯೋಚನೆ ನನಗೆ ಬಂತು. ಬಂತೆಂದು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಯೋಚನೆ ದಡ್ಡರಿಗೆ ಬರುವುದಿಲ್ಲ, ನನ್ನ ಹಾಗೆ ಚುರುಕು ಎಂದುಕೊಂಡವರಿಗೇ ಬರುವುದು.

ಆದರೆ ನನ್ನ ಅಂದಾಜಿನ ಮೇಲೆ ಅಷ್ಟು ಹಾಕುವ ಧೈರ್ಯ ಇರಲಿಲ್ಲ. ಅವರ ಅಂಗಡಿಗೆ ಹೋದೆ. ಚೀಟಿ ಆಗಲೇ ಡಬ್ಬಿಯಲ್ಲಿತ್ತು.

"ಅಣ್ಣ, ಒಂದು ಹೆಸರು. ಒಂದೇ ಒಂದು ಸಲ."

"ಎಷ್ಟು ಹಾಕ್ಲಿಕ್ಕೆ?"

ಹೇಳಿದೆ. ಅದು ಶೆಡ್ಡಿನ ಅಡ್ವಾನ್ಸಿಗೆ ಕೂಡಿಸಿದ ಹಣ ಎಂದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ.

"ಹೇಳ್ತೇನೆ," ಎಂದರು. "ಆದ್ರೆ ನನಗೂ ಒಂದು ರೇಟು ಉಂಟು. ಮೊದಲು ಬಾಯಮ್ಮನಿಗೆ ಅಡ್ವಾನ್ಸ್. ನನ್ನ ಎದುರು. ಆಮೇಲೆ ಹೆಸರು."

"ಅರ್ಧ ಕೊಡುವ. ನಾಲ್ಕು."

"ಎಂಟು."

"ಆರು. ಉಳಿದದ್ದು ಶುಕ್ರವಾರ."

"ಆವತ್ತು ಯಾವ ಮೂರು ಎಳೆ ಬೇಡ ಅಂತ ತೋರಿಸ್ಲಿಕ್ಕೆ ಆಗ್ಲಿಲ್ಲ ನಿಮಗೆ ಮಾರಾಯ್ರೆ. ಎಂಟು."

ಅಷ್ಟರಲ್ಲಿ ಬಾಯಮ್ಮನ ಫೋನ್ ಬಂತು. ಸುರತ್ಕಲ್‌ನವರು ಇವತ್ತೇ ಹಣ ಹಿಡಿದು ಬರುತ್ತಾರಂತೆ, ನಿನ್ನದು ಎಂತ ಎಂದು ಕೇಳಿದರು. ಸರಿ, ಚೆಕ್ ಕೊಟ್ಟು ಬರುವ ಎಂದು ಅಣ್ಣನಿಗೆ ಹೇಳಿದೆ. ಚೆಕ್ ಬ್ಯಾಂಕಿಗೆ ಹೋಗುವುದು ನಾಳೆ, ಮ್ಯಾಚ್ ಇವತ್ತು. ನಡುವೆ ಒಂದು ಸಂಜೆ ಉಂಟು ಎಂಬ ಲೆಕ್ಕ ನನ್ನ ತಲೆಯಲ್ಲಿ ಇದ್ದದ್ದು ಹೌದು. ಅವರು ಅಂಗಡಿಯ ಬಾಗಿಲು ಎಳೆಯುತ್ತ, "ಚೆಕ್ ಬೇಡ, ಡಿಡಿ ಮಾಡಿಸುವ, ಹಣ ಖಾತೆಯಿಂದ ಈಗಲೇ ಹೋಗ್ಲಿ" ಎಂದರು.

ಬ್ಯಾಂಕಿನಲ್ಲಿ ಡಿಡಿ ಮಾಡಿಸಿ, ಸಿಟಿ ಬಸ್ಸಿನಲ್ಲಿ ಕಂಕನಾಡಿಗೆ ಹೋದೆವು. ಬಾಯಮ್ಮ ಪುನರ್ಪುಳಿ ಶರಬತ್ತು ಕೊಟ್ಟು, ಡಿಡಿಯನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿ, ರಶೀದಿ ಬರೆದರು. "ಇವರು ಯಾರು, ನಿನ್ನ ಪಾಲುದಾರರಾ?" ಎಂದು ಕೇಳಿದರು.

"ಅಲ್ಲ ಬಾಯಮ್ಮ. ನಾನು ಗಟ್ಟಿಂಗ್‌ನವ. ಇವರಿಗೆ ಒಬ್ಬರೇ ಬರ್ಲಿಕ್ಕೆ ಸ್ವಲ್ಪ ಹೆದರಿಕೆ ಇತ್ತು."

ಗೇಟಿನ ಹೊರಗೆ ಬಂದ ಕೂಡಲೇ ಕೈ ಒಡ್ಡಿದೆ. "ಹೆಸರು."

"ಎಡಗೈಯವ."

"ಕಾರಣ?"

"ಕಾರಣ ಚೀಟಿಯಲ್ಲಿ ಉಂಟು," ಎಂದು ಬಸ್ಸು ಹತ್ತಿದರು.

ಉಳಿದಿದ್ದ ಇಪ್ಪತ್ತು ಸಾವಿರವನ್ನು ಎಡಗೈಯವನ ಮೇಲೆ ಹಾಕಿದೆ. ಎಡಗೈಯವ ಗೆದ್ದ. ಐವತ್ತೈದು ಸಾವಿರ ಬಂತು. ಮನುಷ್ಯನಿಗೆ ಖುಷಿಯಾಗಬೇಕಿತ್ತು. ನಾನು ಕೂತು ಎಂಟನ್ನು ಎರಡೂಮುಕ್ಕಾಲರಿಂದ ಗುಣಿಸಿದೆ: ಇಪ್ಪತ್ತೆರಡು ಲಕ್ಷ. ಸಿಟ್ಟಿನಲ್ಲಿ ಗುಟ್ಟು ಕೂಡ ಮರೆತುಹೋಯಿತು.

"ಆ ಗಟ್ಟಿಂಗ್‌ನವ ನನ್ನ ಹದಿನಾಲ್ಕು ಲಕ್ಷ ತಿಂದ," ಎಂದು ವಸಂತಿಗೆ ಹೇಳಿದೆ.

"ಯಾವ ಹದಿನಾಲ್ಕು? ನಿಮ್ಮ ಹತ್ತಿರ ಇದ್ದದ್ದೇ ಎಂಟು. ಅದರಲ್ಲಿ ಎರಡು ನನ್ನದು."

ಆಮೇಲೆ ಎಲ್ಲ ಹೇಳಬೇಕಾಯಿತು. ಅವಳು ಕೂಗಾಡಲಿಲ್ಲ. ಒಳಗೆ ಹೋಗಿ ಬಾಯಮ್ಮನ ರಶೀದಿಯನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಅದುವರೆಗೆ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದಿನಿಂದ ನನ್ನ ಮಾತಿಗೆ ಅವಳ ಹತ್ತಿರ ಮೂರು ಕಾಸಿನ ಬೆಲೆ ಉಳಿಯಲಿಲ್ಲ. ಬ್ಯಾಂಕಿಗೆ ಹೋಗಿ ಬರುತ್ತೇನೆ ಎಂದರೆ ಪಾಸ್‌ಬುಕ್ ತೋರಿಸಿ ಎನ್ನುವಳು.

ಎರಡು ತಿಂಗಳು ನಾನು ಹಂಪನಕಟ್ಟೆಯ ಆ ಮೆಟ್ಟಿಲು ಹತ್ತಲಿಲ್ಲ. ಸಿಕ್ಕಿದವರ ಹತ್ತಿರ ಅವರನ್ನು ಬೈದೆ. ಅವರಿಲ್ಲದೆಯೂ ನನಗೆ ಬರುತ್ತದೆ ಎಂದು ತೋರಿಸಲು ಹೋಗಿ ಆ ಐವತ್ತೈದು ಸಾವಿರ, ಅದರ ಜೊತೆಗೆ ಇನ್ನೂ ನಲವತ್ತು ಕಳೆದೆ. ಕೊನೆಗೆ ಒಂದು ದಿನ ವಸಂತಿ ಮಗಳ ಬ್ಯಾಟ್ ತಂದು ನನ್ನ ಮಡಿಲಲ್ಲಿಟ್ಟಳು.

"ಗಟ್ ಹೋಗಿದೆ. ಕಟ್ಟಿಸಿಕೊಂಡು ಬನ್ನಿ. ಅವರ ಹತ್ತಿರವೇ. ಆ ದಿನ ಅವರು ಬಸ್ಸು ಹತ್ತದಿದ್ರೆ ಶೆಡ್ಡಿನಲ್ಲಿ ಇವತ್ತು ಬೇರೆಯವರ ಬೋರ್ಡ್ ಇರ್ತಿತ್ತು."

ಹೋದೆ. ಅವರು ನಿನ್ನೆ ತಾನೇ ನೋಡಿದವರ ಹಾಗೆ ಬ್ಯಾಟ್ ತೆಗೆದುಕೊಂಡು, ಹಳೆಯ ಎಳೆಗಳನ್ನು ಕತ್ತರಿಸಿ ತೆಗೆದರು. ನನಗೆ ತಡೆಯಲಾಗಲಿಲ್ಲ.

"ನಿಮಗೆ ಗೊತ್ತಿತ್ತಲ್ಲ ಅಣ್ಣ, ಎಡಗೈಯವ ಗೆಲ್ತಾನೆ ಅಂತ. ಗೊತ್ತಿದ್ದೂ ನನ್ನ ಕೈ ಖಾಲಿ ಮಾಡಿಸಿ ಆಮೇಲೆ ಹೇಳಿದ್ರಿ."

ಅವರು ಎದ್ದು ತಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಹುಡುಕಿ, ಒಂದು ಚೀಟಿ ಕೊಟ್ಟರು. ಆ ಬುಧವಾರದ ಚೀಟಿ. ಅವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ಉದ್ದನೆಯವ ಗೆಲ್ಲುತ್ತಾನೆ. ಎಡಗೈಯವನಿಗೆ ಐದು ಸೆಟ್ ಆಡುವ ದಮ್ಮಿಲ್ಲ.'

ಎರಡು ಸಲ ಓದಿದೆ.

"ಮತ್ತೆ ನನಗೆ ಎಡಗೈಯವ ಅಂತ ಹೇಳಿದ್ದು?"

"ಸುಳ್ಳು ಹೇಳಿದ್ದು," ಎಂದರು ಮೆಲ್ಲಗೆ. "ಅಡ್ವಾನ್ಸ್ ಹೋಗಿ ಆಗಿತ್ತು. ಕೈಯಲ್ಲಿ ಉಳಿದ ಚಿಲ್ಲರೆಯೂ ಹೋದ್ರೆ ನಿಮ್ಮ ಜ್ವರ ಇಳೀತದೆ ಅಂತ ಸೋಲುವವನ ಹೆಸರು ಹೇಳಿದೆ. ಆ ಪುಣ್ಯಾತ್ಮ ಗೆದ್ದುಬಿಟ್ಟ. ಐದು ಸೆಟ್ ಆಡಿ ಗೆದ್ದ."

ನಾನು ಸ್ಟೂಲಿನ ಮೇಲೆ ಕೂತೆ. ನನ್ನ ತಲೆ ಬೇರೆ ಯಾವುದಕ್ಕಲ್ಲದಿದ್ದರೂ ಲೆಕ್ಕಕ್ಕೆ ಬೇಗ ಓಡುತ್ತದೆ. ಆ ಬೆಳಗ್ಗೆ ನಾನು ಕೇಳಿದ ಕೂಡಲೇ, ಸ್ನೇಹಕ್ಕೆ ಸೋತು, ಅವರು ತಮಗೆ ನಿಜವೆನ್ನಿಸಿದ ಹೆಸರನ್ನು ಹೇಳಿದ್ದರೆ? ಉದ್ದನೆಯವ ಎಂದಿದ್ದರೆ? ಎಂಟು ಲಕ್ಷದಲ್ಲಿ ಒಂದು ರೂಪಾಯಿ ಉಳಿಯುತ್ತಿರಲಿಲ್ಲ. ಎರಡು ತಿಂಗಳು ನಾನು ಬೈದದ್ದು ನನ್ನ ಶೆಡ್ ಉಳಿಸಿದ ಮನುಷ್ಯನನ್ನು. ಅದೂ ಅವರ ಅಂದಾಜು ಪೂರಾ ತಪ್ಪಾದ ದಿನ.

"ಇದನ್ನು ಆವತ್ತೇ ಹೇಳಬಾರದಿತ್ತಾ? ನಾನು ಊರೆಲ್ಲ ನಿಮ್ಮನ್ನು ಬೈದೆ."

"ಗೊತ್ತುಂಟು. ಬಂದವರೆಲ್ಲ ಹೇಳಿದ್ರು. ಬೈಲಿ, ಶೆಡ್ ಉಂಟಲ್ಲ ಅಂದೆ." ಆಮೇಲೆ ಸ್ವಲ್ಪ ನಕ್ಕರು. "ಅದಲ್ಲದೆ ಮಾರಾಯ್ರೆ, ಸುಳ್ಳು ಹೇಳಿಯೂ ಸೋತವ ನಾನು. ಹೇಳಿಕೊಳ್ಳುವಂಥದ್ದಾ ಅದು?"

ಆ್ಯಪ್ ತೆಗೆಯಿರಿ ಎಂದು ಅವರು ಹೇಳಲಿಲ್ಲ. ನಾನೇ ಅಲ್ಲೇ ಕೂತು ತೆಗೆದೆ. ಈಗ ಅಂಥವನ್ನು ಸರಕಾರ ಮುಚ್ಚಿಸಿದೆ ಎನ್ನುತ್ತಾರೆ. ಬೇರೆ ಹೆಸರಿನಲ್ಲಿ ಬರುತ್ತಲೇ ಇವೆ. ಓದುವವರ ಫೋನಿನಲ್ಲಿ ಇದ್ದರೆ ನನ್ನ ಒಂದು ಸಲಹೆ: ಅದರೊಡನೆ ಒಮ್ಮೆ ಚೌಕಾಸಿ ಮಾಡಿ ನೋಡಿ. ಐದು ರೂಪಾಯಿ ಬಿಡಲು ಹೇಳಿ. ಬಿಡುವುದಿಲ್ಲವೆಂದರೆ ನೀವು ಗಿರಾಕಿಯಲ್ಲ, ಸರಕು.

ಆ ವರ್ಷದ ಕೊನೆಗೆ ಶೆಡ್ ರಿಜಿಸ್ಟ್ರಿ ಆಯಿತು. ಸಾಕ್ಷಿಗೆ ಅವರನ್ನೇ ಕರೆದೆ. ಸಹಿ ಹಾಕಿ ಹೊರಗೆ ಬಂದ ಮೇಲೆ ಒಂದು ಲಕೋಟೆ ಅವರ ಕೈಯಲ್ಲಿಟ್ಟೆ.

"ಇದು ಕಮ್ಮಿ ಆಯ್ತು," ಎಂದರು, ತೆರೆದೂ ನೋಡದೆ.

ನನಗೆ ಆಶ್ಚರ್ಯ. "ಎಷ್ಟು ಬೇಕು ಅಣ್ಣ?"

"ಒಂದು ಮಧ್ಯಾಹ್ನ. ಆದಿತ್ಯವಾರ ಒಂದು ಒಳ್ಳೆಯ ಮ್ಯಾಚ್ ಉಂಟು. ನಿಮ್ಮ ಶೆಡ್ಡಿನಲ್ಲೇ ನೋಡುವ. ಚೀಟಿ ಇಲ್ಲ, ದುಡ್ಡು ಇಲ್ಲ."

ಲಕೋಟೆ ವಾಪಸು ನನ್ನ ಕಿಸೆಗೆ ಬಂತು. ಆದಿತ್ಯವಾರ ಅವರು ಅಂಗಡಿಯ ಸಣ್ಣ ಟಿವಿಯನ್ನೇ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಲೇತ್ ಒಂದರ ಮೇಲೆ ಅದನ್ನಿಟ್ಟು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆವು. ಅವರು ನನಗೆ ಆಟಗಾರರ ಕಾಲು ನೋಡಲು ಹೇಳಿದರು. ಚೆಂಡು ನೋಡಬೇಡಿ, ಹೊಡೆಯುವ ಮೊದಲು ಪಾದ ಎಲ್ಲಿ ಹೋಗುತ್ತದೆ ನೋಡಿ ಎಂದರು. ನೋಡಿದೆ. ಅಷ್ಟು ಮ್ಯಾಚ್ ನೋಡಿದ್ದ ನಾನು ಅದುವರೆಗೆ ಯಾರ ಪಾದವನ್ನೂ ನೋಡಿರಲಿಲ್ಲ. ಒಂದು ಚೆಂಡು ಇಪ್ಪತ್ತು ಸಲ ಆಚೀಚೆ ಹೋಗಿ ಬಂದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಮನೆಗೆ ಬಂದಾಗ ವಸಂತಿ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು.

"ಯಾರು ಗೆದ್ದದ್ದು?"

ಬಾಯಿ ತೆರೆದೆ. ಹೆಸರು ಬರಲಿಲ್ಲ. ಬಸ್ಸಿನವರೆಗೆ ಟಿವಿ ಹೊತ್ತುಕೊಂಡು ಹೋಗಿ ಅವರನ್ನು ಹತ್ತಿಸಿ ಬರುವಷ್ಟರಲ್ಲಿ ಮರೆತೇಹೋಗಿತ್ತು.

"ಗೊತ್ತಿಲ್ಲ ಮಾರಾಯ್ತಿ. ಆಟ ಮಾತ್ರ ಭಾರೀ ಚಂದ ಇತ್ತು."

ಅವಳು ಬಾಗಿಲು ಬಿಟ್ಟು ಸರಿದಳು. ಆಮೇಲೆ ಒಳಗೆ ಹೋಗಿ, ಕಪಾಟಿನ ಕೀಲಿಕೈಯನ್ನು ಸೊಂಟದಿಂದ ತೆಗೆದು, ಮೊದಲಿನ ಹಾಗೆ ಅಡುಗೆಮನೆಯ ಮೊಳೆಗೆ ನೇತುಹಾಕಿದಳು.